ಗೆಲ್ಲಲಾಗದ ಓಟಕ್ಕೆ ಹೆಸರು ಕೊಟ್ಟವನು

ಗೆಲ್ಲಲು ಸಾಧ್ಯವೇ ಇಲ್ಲವೆಂದು ಖಚಿತವಾಗಿ ತಿಳಿದಿರುವ ಸ್ಪರ್ಧೆಗೆ ಹಣ ಕಟ್ಟಿ ಹೆಸರು ಕೊಡುವುದು ಬುದ್ಧಿವಂತರ ಕೆಲಸವೇ? ನಮ್ಮ ಮಸೀದಿಯ ಹಿರಿಯ ಹಾಜಿಯವರೊಬ್ಬರು ಇತ್ತೀಚೆಗೆ ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. "ಮಾಸ್ಟ್ರೇ, ಗೆಲ್ಲುವವರು ಆಫ್ರಿಕದಿಂದ ಬರುತ್ತಾರಂತೆ. ಮತ್ತೆ ನೀವು ಹೋಗುವುದು ಯಾತಕ್ಕೆ?" ಎಂದರು. ಸುತ್ತಲಿದ್ದವರು ನಕ್ಕರು, ನಾನೂ ನಕ್ಕೆ. ಆದರೆ ಆ ಪ್ರಶ್ನೆ ನಗುವಿನಲ್ಲಿ ಮುಗಿಯುವಂಥದ್ದಲ್ಲ. ಮನುಷ್ಯನು ಒಂದು ಕೆಲಸಕ್ಕೆ ಕೈಹಾಕುವಾಗ ಅವನ ನಿಯ್ಯತ್ ಎಲ್ಲಿರುತ್ತದೆ ಎಂಬ ಹಳೆಯ ಪ್ರಶ್ನೆಯೇ ಇಲ್ಲಿ ಹೊಸ ಬೂಟು ತೊಟ್ಟು ನಿಂತಿದೆ.

ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿಲೋಮೀಟರಿನ ಒಂದು ದೊಡ್ಡ ಓಟ ನಡೆಯುತ್ತಾ ಬಂದಿದೆ. ಜಗತ್ತಿನ ಹೆಸರಾಂತ ಓಟಗಾರರು ಅದರಲ್ಲಿ ಭಾಗವಹಿಸುತ್ತಾರೆ. ಅದೇ ದಿನ, ಅದೇ ಊರಿನ ಬೀದಿಗಳಲ್ಲಿ ಗುಮಾಸ್ತರು, ಗೃಹಿಣಿಯರು, ನಿವೃತ್ತರು, ಕಾಲೇಜಿನ ಹುಡುಗರು ಸಾವಿರಾರು ಸಂಖ್ಯೆಯಲ್ಲಿ ಓಡುತ್ತಾರೆ. 2022ರಲ್ಲಿ ಕೀನ್ಯಾ ದೇಶದ ನಿಕೋಲಸ್ ಕಿಮೆಲಿ ಈ ದೂರವನ್ನು 27 ನಿಮಿಷ 38 ಸೆಕೆಂಡುಗಳಲ್ಲಿ ಮುಗಿಸಿದರು. ನನ್ನಂತಹ ಹೊಸಬನಿಗೆ ಒಂದು ಕಿಲೋಮೀಟರಿಗೆ ಎಂಟು ನಿಮಿಷ ಬೇಕು. ಇಬ್ಬರೂ ಒಟ್ಟಿಗೆ ಹೊರಟೆವೆಂದು ಊಹಿಸಿದರೆ, ಅವರು ಗುರಿ ಮುಟ್ಟಿ ಬೆವರು ಒರೆಸಿಕೊಳ್ಳುವಾಗ ನಾನು ಇನ್ನೂ ಮೂರೂವರೆ ಕಿಲೋಮೀಟರಿನ ಆಸುಪಾಸಿನಲ್ಲಿ ಏದುಸಿರು ಬಿಡುತ್ತಿರುತ್ತೇನೆ. ಬಹುಮಾನದ ಮಾತು ಅಲ್ಲಿಗೇ ಮುಗಿಯಿತು. ಹಾಗಿದ್ದೂ ಆ ದಿನ ಹತ್ತಿರ ಬಂದಂತೆ ಹೊಸಬನ ಎದೆ ಯಾಕೆ ಹೊಡೆದುಕೊಳ್ಳುತ್ತದೆ? ಅವನು ಕಾಯುತ್ತಿರುವುದಾದರೂ ಏನನ್ನು?

ಓಟದ ಅನುಭವವಿಲ್ಲದ ಓದುಗರಿಗಾಗಿ ಈ ಕಾಯುವಿಕೆ ಹೇಗಿರುತ್ತದೆಂದು ತುಸು ವಿವರಿಸಬೇಕು. ಮೂವತ್ತು ದಾಟಿದವನು ಒಂದು ಬೆಳಿಗ್ಗೆ ಎದ್ದು ಹತ್ತು ಕಿಲೋಮೀಟರ್ ಓಡಲಾರ. ಮೊದಲ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಆಮೇಲೆ ಎರಡು ನಿಮಿಷ ಓಟ, ಒಂದು ನಿಮಿಷ ನಡಿಗೆ. ಫಜ್ರ್ ನಮಾಝ್ ಮುಗಿಸಿ ವಾರಕ್ಕೆ ಮೂರು ದಿನ, ಹೀಗೆ ಎರಡು ಮೂರು ತಿಂಗಳು. ಇದರಲ್ಲಿ ಒಂದು ವಿಚಿತ್ರವಿದೆ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಕೀಲುಗಳು ತಡವಾಗಿ ಪಳಗುತ್ತವೆ. ಐದಾರು ವಾರಗಳಲ್ಲಿ ಶ್ವಾಸಕೋಶವು 'ಇನ್ನೂ ಓಡು' ಎನ್ನುತ್ತದೆ, ಮೊಣಕಾಲ ಕೆಳಗಿನ ಮೂಳೆಯು 'ಬೇಡ' ಎನ್ನುತ್ತದೆ. ಹೊಸಬರಲ್ಲಿ ಹೆಚ್ಚಿನವರು ನೋವು ಮಾಡಿಕೊಳ್ಳುವುದು ಈ ಹಂತದಲ್ಲಿ. ಆಸೆಗೆ ಓಡುವ ಶಕ್ತಿ ಬಂದಿರುತ್ತದೆ, ದೇಹಕ್ಕೆ ತಾಳುವ ಶಕ್ತಿ ಬಂದಿರುವುದಿಲ್ಲ. ಕೊನೆಯ ವಾರದಲ್ಲಂತೂ ಓಟವನ್ನು ಕಡಿಮೆ ಮಾಡಿ ದೇಹಕ್ಕೆ ವಿಶ್ರಾಂತಿ ಕೊಡಬೇಕು. ದುಡಿದು ಅಭ್ಯಾಸವಿರುವವನಿಗೆ ಇದೇ ಎಲ್ಲಕ್ಕಿಂತ ಕಷ್ಟ. ಕಾಲು ಸುಮ್ಮನಿರುವಾಗ ಮನಸ್ಸು ಓಡತೊಡಗುತ್ತದೆ.

ಮತ್ತೆ ಆ ಭಯ. ರಾತ್ರಿ ಮಲಗಿದರೆ ನಿದ್ದೆಯಿಲ್ಲ, ಅಂಗೈ ಬೆವರುತ್ತದೆ, ಹೊಟ್ಟೆ ತೊಳಸುತ್ತದೆ. ಇದು ರೋಗವಲ್ಲ. ಮುಂದೆ ಶ್ರಮವಿದೆಯೆಂದು ತಿಳಿದ ದೇಹವು ಅಡ್ರಿನಲಿನ್ ಎಂಬ ಸ್ರಾವವನ್ನು ರಕ್ತಕ್ಕೆ ಬಿಟ್ಟು ಹೃದಯವನ್ನು ಎಚ್ಚರಿಸುವ ಕ್ರಮ ಇದು. ಪರೀಕ್ಷೆಯ ಬೆಳಿಗ್ಗೆ ನನ್ನ ವಿದ್ಯಾರ್ಥಿಗಳ ಮುಖದಲ್ಲೂ ನಾನು ಇದನ್ನೇ ಕಾಣುತ್ತೇನೆ. ದೇಹದ ಈ ಕಂಪನವನ್ನು ನಿವಾರಿಸಬೇಕಾಗಿಲ್ಲ, ಅದು ಅಲ್ಲಾಹನು ಇಟ್ಟ ವ್ಯವಸ್ಥೆ. ಆದರೆ ಕಂಪನದ ಹಿಂದೆ ಒಂದು ಮಾತು ಅಡಗಿರುತ್ತದೆ. ಅದನ್ನು ಹೊರಗೆಳೆದು ನೋಡಬೇಕು. ಹೊಸಬನನ್ನು 'ನಿನಗೆ ಏನು ಭಯ?' ಎಂದು ಕೇಳಿ. ಬಿದ್ದುಬಿಟ್ಟೇನೆಂದು ಹೇಳುವವರು ಕಡಿಮೆ. 'ಎಲ್ಲರಿಗಿಂತ ಕೊನೆಗೆ ಬಂದರೆ?' ಎನ್ನುವವರೇ ಹೆಚ್ಚು. ಕೊನೆಗೆ ಬಂದರೆ ಏನಾಗುತ್ತದೆ? ಕಾಲು ಮುರಿಯುವುದಿಲ್ಲ, ದಂಡ ಕಟ್ಟಬೇಕಾಗಿಲ್ಲ. ಜನರು ನೋಡುತ್ತಾರೆ, ಅಷ್ಟೇ.

ನನ್ನ ಪರಿಚಯದ ಒಬ್ಬ ಗೃಹಸ್ಥರ ವಿಷಯ ಹೇಳುತ್ತೇನೆ. ಧರ್ಮಭೀರು ವ್ಯಕ್ತಿ, ಒಳ್ಳೆಯ ಉದ್ಯೋಗದಲ್ಲಿದ್ದಾರೆ. ಒಂದು ವರ್ಷ ಇಂತಹದೇ ಓಟಕ್ಕೆ ಹೆಸರು ಕೊಟ್ಟು ಎರಡು ತಿಂಗಳು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಹಿಂದಿನ ದಿನ ಎದೆಗೆ ಕಟ್ಟುವ ನಂಬರಿನ ಚೀಟಿಯನ್ನೂ ತಂದರು. ಓಟದ ದಿನ ಹೋಗಲಿಲ್ಲ. ಕೇಳಿದವರಿಗೆಲ್ಲ ಮೊಣಕಾಲು ನೋವೆಂದರು. ಬಹಳ ದಿನಗಳ ನಂತರ ನನ್ನಲ್ಲಿ ನಿಜ ಹೇಳಿದರು. ಓಡಿದವರೆಲ್ಲರ ಸಮಯ ಇಂಟರ್ನೆಟ್ಟಿನಲ್ಲಿ ಪ್ರಕಟವಾಗುತ್ತದೆ, ಯಾರು ಬೇಕಾದರೂ ಹುಡುಕಿ ನೋಡಬಹುದು ಎಂದು ಹಿಂದಿನ ರಾತ್ರಿ ಅವರಿಗೆ ಗೊತ್ತಾಯಿತಂತೆ. ತನ್ನ ಕೈಕೆಳಗಿನ ಹುಡುಗರು ಅದನ್ನು ತೆಗೆದು ನೋಡಿ ಊಟದ ಹೊತ್ತಿನಲ್ಲಿ ನಗುವ ಚಿತ್ರವು ಕಣ್ಣೆದುರು ಬಂತಂತೆ. "ಉಸ್ತಾದರೇ, ಒಂದು ಲೆಕ್ಕದಲ್ಲಿ ಒಳ್ಳೆಯದೇ ಆಯಿತು. ಜನರಿಗೆ ತೋರಿಸಲು ಓಡುವುದು ರಿಯಾ ಅಲ್ಲವೇ? ಅದರಿಂದ ಪಾರಾದೆ" ಎಂದು ಮಾತು ಮುಗಿಸಿದರು.

ಪಾರಾದರೇ? ಈ ಲೇಖನ ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಅವರ ಈ ಕೊನೆಯ ಮಾತೇ. ರಿಯಾ ಎಂದರೆ ಜನರ ಕಣ್ಣಿಗಾಗಿ ಕೆಲಸ ಮಾಡುವುದು ಎಂಬುದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಜನರ ಕಣ್ಣಿಗಾಗಿ ಕೆಲಸ ಬಿಡುವುದೂ ರಿಯಾ ಆಗಬಲ್ಲದು ಎಂಬುದನ್ನು ನಾವು ಮರೆತಿದ್ದೇವೆ. ಇದನ್ನು ಬಹಳ ಹಿಂದೆಯೇ ಎತ್ತಿ ಹೇಳಿದವರು ಫುದೈಲ್ ಇಬ್ನು ಇಯಾದ್(ರಹ). ದಾರಿಗಳ್ಳರಾಗಿದ್ದು ಪಶ್ಚಾತ್ತಾಪಪಟ್ಟು ಮಕ್ಕಾದಲ್ಲಿ ನೆಲೆಸಿ ಹಿಜರಿ 187ರಲ್ಲಿ, ಅಂದರೆ ಕ್ರಿ.ಶ. 803ರಲ್ಲಿ ನಿಧನರಾದ ಮಹಾನುಭಾವರು. ಜನರ ಸಲುವಾಗಿ ಸತ್ಕರ್ಮವನ್ನು ಬಿಟ್ಟುಬಿಡುವುದನ್ನೇ ಅವರು ರಿಯಾ ಎಂದು ಕರೆದರು. ಜನರ ಸಲುವಾಗಿ ಮಾಡುವುದನ್ನು ಅದಕ್ಕಿಂತಲೂ ಕೆಟ್ಟದೆಂದರು. ಎರಡರಿಂದಲೂ ಬಿಡುಗಡೆ ಸಿಕ್ಕಿದರೆ ಅದು ಇಖ್ಲಾಸ್ ಎಂದರು. ಅವರು ಹೇಳಿದ್ದು ಆರಾಧನಾ ಕರ್ಮಗಳ ಬಗ್ಗೆ ಎಂಬುದು ನಿಜ. ಓಟ ಫರ್ಝ್ ಅಲ್ಲ, ಸುನ್ನತ್ ನಮಾಝ್ ಕೂಡ ಅಲ್ಲ. ಆದರೆ ಮನಸ್ಸಿನ ಈ ಚಾಳಿಗೆ ಮಸೀದಿಯ ಒಳಗೆ ಒಂದು ರೂಪ, ಹೊರಗೆ ಇನ್ನೊಂದು ರೂಪ ಇರುವುದಿಲ್ಲ. ನಗುವವರಿಗೆ ಹೆದರಿ ಓಟವನ್ನು ಬಿಟ್ಟವನು ನಾಳೆ ನಗುವವರಿಗೆ ಹೆದರಿ ಮದುವೆಯಲ್ಲಿ ವರದಕ್ಷಿಣೆ ಬೇಡವೆನ್ನುವುದನ್ನೂ ಬಿಟ್ಟಾನು. ನನ್ನ ಪರಿಚಯದವರು ಜನರ ಕಣ್ಣಿನಿಂದ ಪಾರಾಗಲಿಲ್ಲ. ಆ ಕಣ್ಣು ಹೇಳಿದಂತೆಯೇ ನಡೆದುಕೊಂಡರು. ಮೇಲಾಗಿ ಮೊಣಕಾಲಿನ ಮೇಲೊಂದು ಸುಳ್ಳನ್ನು ಹೊರಿಸಿದರು.

ಹಾಗೆಂದು ಓಟದ ದಿನ ಹಿಂದೆ ಸರಿಯುವುದೆಲ್ಲ ಹೇಡಿತನವೆಂದು ಯಾರೂ ತಿಳಿಯಬಾರದು. ಜ್ವರವಿದ್ದರೆ, ಎದೆಯಲ್ಲಿ ನೋವಿದ್ದರೆ, ಕಾಲು ನಿಜವಾಗಿ ಊದಿಕೊಂಡಿದ್ದರೆ, ಮನೆಯಲ್ಲಿ ತಾಯಿ ಹಾಸಿಗೆ ಹಿಡಿದಿದ್ದರೆ ಹೋಗದಿರುವುದೇ ಸರಿ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆಯೆಂದು, ಹಗಲೆಲ್ಲ ಉಪವಾಸ ಹಿಡಿದು ರಾತ್ರಿಯೆಲ್ಲ ನಮಾಝ್ ಮಾಡುತ್ತಿದ್ದ ಯುವಕ ಸಹಾಬಿಯೊಬ್ಬರಿಗೆ ಪ್ರವಾದಿವರ್ಯರು(ಸ) ತಿಳಿಹೇಳಿದ್ದರು. ನಲ್ವತ್ತರ ಆಸುಪಾಸಿನವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕಾಣದೆ ಇಂತಹ ಓಟಕ್ಕೆ ಇಳಿಯಲೇಬಾರದು. ಕಾರಣ ನಿಜವೋ ನೆಪವೋ ಎಂದು ಪರೀಕ್ಷಿಸಲು ಒಂದು ಸರಳ ಉಪಾಯವಿದೆ. ಸಮಯ ಎಲ್ಲೂ ಪ್ರಕಟವಾಗುವುದಿಲ್ಲ, ಪರಿಚಿತರು ಯಾರೂ ಇರುವುದಿಲ್ಲ ಎಂದಾಗಿದ್ದರೆ ನಾನು ಹೋಗುತ್ತಿದ್ದೆನೇ? ಹೋಗುತ್ತಿದ್ದೆ ಎಂದಾದರೆ ನನ್ನನ್ನು ತಡೆಯುತ್ತಿರುವುದು ಮೊಣಕಾಲಲ್ಲ.

ಇಲ್ಲಿ ಚುರುಕಾದ ಓದುಗರು ನನ್ನನ್ನೇ ಹಿಡಿಯಬಹುದು. 'ಸರಿ, ಅದೇ ಪ್ರಶ್ನೆಯನ್ನು ತಿರುಗಿಸಿ ಕೇಳುತ್ತೇವೆ. ಪದಕವಿಲ್ಲ, ಫೋಟೋ ಇಲ್ಲ, ಜನಸಂದಣಿ ಇಲ್ಲ ಎಂದಾದರೆ ನೀವು ಒಬ್ಬರೇ ಹತ್ತು ಕಿಲೋಮೀಟರ್ ಓಡುತ್ತೀರಾ? ಆರೋಗ್ಯವೇ ಉದ್ದೇಶವಾದರೆ ಲಾಲ್‌ಬಾಗಿನಲ್ಲಿ ಸದ್ದಿಲ್ಲದೆ ಓಡಬಹುದಲ್ಲ? ಹಣ ಕಟ್ಟಿ, ನಂಬರು ಅಂಟಿಸಿಕೊಂಡು, ಸಾವಿರಾರು ಜನರ ನಡುವೆ ಯಾಕೆ?'

ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಹತ್ತಿರದ ಪ್ರಶ್ನೆಯನ್ನು ಇಮಾಮ್ ಗಝ್ಝಾಲಿ(ರಹ) ತಮ್ಮ 'ಇಹ್ಯಾ' ಗ್ರಂಥದಲ್ಲಿ ಎತ್ತಿಕೊಂಡಿದ್ದಾರೆ. ಒಬ್ಬನು ತನ್ನ ಮನೆಯಲ್ಲಿ ತಹಜ್ಜುದ್‌ಗೆ ಏಳುವವನಲ್ಲ, ಎದ್ದರೂ ಸ್ವಲ್ಪ ಹೊತ್ತು ಮಾತ್ರ. ಒಂದು ರಾತ್ರಿ ತಹಜ್ಜುದ್ ನಿರ್ವಹಿಸುವ ಜನರೊಂದಿಗೆ ತಂಗುತ್ತಾನೆ. ಅವರು ಏಳುವುದನ್ನು ಕಂಡು ಅವನಲ್ಲೂ ಹುರುಪು ಮೂಡುತ್ತದೆ. ಇದು ರಿಯಾ ಎಂದು ಹೇಳಿ ಅವನು ಮಲಗಿಬಿಡಬೇಕೇ? ಅವಸರದ ತೀರ್ಪು ಬೇಡ ಎನ್ನುತ್ತಾರೆ ಗಝ್ಝಾಲಿ(ರಹ). ಮನೆಯಲ್ಲಿ ಮೆತ್ತನೆಯ ಹಾಸಿಗೆ, ಮಡದಿ ಮಕ್ಕಳು, ವ್ಯವಹಾರದ ಚಿಂತೆ ಎಲ್ಲವೂ ಅವನನ್ನು ಹಿಡಿದಿಟ್ಟಿದ್ದವು. ಇಲ್ಲಿ ಆ ತಡೆಗಳಿಲ್ಲ, ಜೊತೆಗೆ ಇತರರನ್ನು ಕಂಡು ಒಳಗಿದ್ದ ಆಸೆಯೇ ಎಚ್ಚೆತ್ತಿದೆ. ಅಂತಹ ಹೊತ್ತಿನಲ್ಲಿ 'ಮಾಡಬೇಡ, ಅದು ತೋರಿಕೆ' ಎಂದು ಪಿಸುಗುಟ್ಟುವವನು ಶೈತಾನನೂ ಆಗಿರಬಹುದು. ಅವರು ಕೊಡುವ ಒರೆಗಲ್ಲು ಬಹಳ ಸೂಕ್ಷ್ಮವಾದದ್ದು. ನೀನು ಅವರನ್ನು ಕಾಣುತ್ತೀಯೆ, ಅವರು ನಿನ್ನನ್ನು ಕಾಣುವುದಿಲ್ಲ, ನಡುವೆ ಒಂದು ತೆರೆಯಿದೆ ಎಂದಿಟ್ಟುಕೋ. ಆಗಲೂ ನಿನ್ನ ಮನಸ್ಸು ಒಪ್ಪುತ್ತದೆಯೇ? ಒಪ್ಪಿದರೆ ಹುರುಪು ಬಂದದ್ದು ಸಹವಾಸದಿಂದ. ಒಪ್ಪದಿದ್ದರೆ ಅದು ಬಂದದ್ದು ಅವರ ಕಣ್ಣಿನಿಂದ.

ಈ ಒರೆಗಲ್ಲನ್ನು ಓಟಕ್ಕೆ ಹಿಡಿದು ನೋಡಿದಾಗ ನನಗೆ ಸಮಾಧಾನವಾಯಿತು. ಸಾವಿರಾರು ಜನರು ಓಡುವುದನ್ನು ನಾನು ಕಾಣಬೇಕು, ಅವರ ಹೆಜ್ಜೆಯ ಸದ್ದಿನಲ್ಲಿ ನನ್ನ ಹೆಜ್ಜೆ ಸೇರಬೇಕು. ಯಾರೂ ನನ್ನನ್ನು ಕಾಣದಿದ್ದರೂ ಆ ಹೆಜ್ಜೆಗಳ ಜೊತೆ ಹತ್ತು ಕಿಲೋಮೀಟರ್ ಓಡಬಲ್ಲೆ. ಒಂಟಿಯಾಗಿ ಆರನೆಯ ಕಿಲೋಮೀಟರಿನಲ್ಲಿ ನಿಂತುಬಿಡುವ ಕಾಲು, ಗುಂಪಿನಲ್ಲಿ ಏಳನೆಯದಕ್ಕೆ ಹೋಗುತ್ತದೆ. ಜಮಾಅತ್ತಿನ ಮಹತ್ವವನ್ನು ಬಾಲ್ಯದಿಂದ ಕಲಿತ ಸಮುದಾಯಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪದಕ ಹಾಗೂ ಫೋಟೋದ ವಿಷಯ ಬೇರೆ. ಅವು ತೆರೆಯ ಇನ್ನೊಂದು ಬದಿಯವು. ಮುಗಿಸಿದವರಿಗೆಲ್ಲ ಒಂದೇ ರೀತಿಯ ಪದಕ ಕೊಡುತ್ತಾರೆ. ಅದನ್ನು ಮಕ್ಕಳು ಆಟಕ್ಕೆ ತೆಗೆದುಕೊಂಡರೆ ತೆಗೆದುಕೊಳ್ಳಲಿ. ವಾಟ್ಸಾಪಿನಲ್ಲಿ ಏಳು ಬಳಗಗಳಿಗೆ ಅದರ ಚಿತ್ರ ಕಳಿಸುವವರನ್ನು ಕಂಡಾಗ ಮಾತ್ರ ನನಗೆ ತುಸು ಕಸಿವಿಸಿಯಾಗುತ್ತದೆ, ಸುಳ್ಳು ಹೇಳಲಾರೆ.

ಜನರು ಕಾಣಲೆಂದೇ ಓಡಿದ ಒಂದು ಸಂದರ್ಭವೂ ನಮ್ಮ ಇತಿಹಾಸದಲ್ಲಿದೆ. ಅದು ಇಂದಿಗೂ ಹಜ್ಜ್‌ನ ಭಾಗವಾಗಿ ಉಳಿದಿದೆ. ಹಿಜರಿ 7ರಲ್ಲಿ ಪ್ರವಾದಿವರ್ಯರು(ಸ) ಉಮ್ರಾಕ್ಕಾಗಿ ಮಕ್ಕಾಕ್ಕೆ ಬಂದಾಗ, ಯಸ್ರಿಬ್‌ನ ಜ್ವರದಿಂದ ಈ ಜನರು ಬಡಕಲಾಗಿದ್ದಾರೆ ಎಂದು ಕುರೈಶರು ಆಡಿಕೊಂಡರು. ತವಾಫಿನ ಮೊದಲ ಮೂರು ಸುತ್ತುಗಳನ್ನು ಭುಜ ಕುಣಿಸುತ್ತಾ ದಾಪುಗಾಲಿನಲ್ಲಿ ಮಾಡಬೇಕೆಂದು ಅವರು(ಸ) ಸಹಾಬಿಗಳಿಗೆ ಆಜ್ಞಾಪಿಸಿದರು. ಕುರೈಶರಿಗೆ ಕಾಣದಿರುವ ಎರಡು ಮೂಲೆಗಳ ನಡುವೆ ಸಾಮಾನ್ಯವಾಗಿ ನಡೆಯಿರಿ ಎಂದರು. ಏಳೂ ಸುತ್ತು ಹಾಗೆ ಮಾಡಿರೆಂದು ಹೇಳದಿದ್ದುದು ಸಹಾಬಿಗಳ ಮೇಲಿನ ಕನಿಕರದಿಂದ ಎಂದು ಇಬ್ನು ಅಬ್ಬಾಸ್(ರ) ವರದಿ ಮಾಡಿದ್ದಾರೆ. ಎಂತಹ ಸೂಕ್ಷ್ಮ! ಕಣ್ಣಿಗೆ ಬೀಳುವಲ್ಲಿ ಬಲ ತೋರಿಸಬೇಕು, ಬೀಳದಲ್ಲಿ ದಣಿವಾರಿಸಿಕೊಳ್ಳಬೇಕು. ಇದು ರಿಯಾ ಅಲ್ಲ, ಯಾಕೆಂದರೆ ಯಾರೊಬ್ಬರೂ ತನ್ನ ಹೆಸರಿಗಾಗಿ ಹಾಗೆ ಮಾಡಲಿಲ್ಲ. ಮುಂದೆ ಹ. ಉಮರ್(ರ) ತಮ್ಮ ಕಾಲದಲ್ಲಿ, ತೋರಿಸಬೇಕಾಗಿದ್ದ ಶತ್ರುಗಳೇ ಇಲ್ಲವಾದ ಮೇಲೆ ಈಗ ಇದೇಕೆ ಎಂದು ತಮ್ಮಷ್ಟಕ್ಕೇ ಕೇಳಿಕೊಂಡರು. ಆಮೇಲೆ, ಪ್ರವಾದಿವರ್ಯರು(ಸ) ಮಾಡಿದ್ದನ್ನು ಬಿಡಲು ಮನಸ್ಸಿಲ್ಲವೆಂದು ಮುಂದುವರಿಸಿದರು. ನೋಡುವವರು ಹೋದರೂ ನಡಿಗೆ ಉಳಿಯಿತು.

ಹೊಸಬರ ವಿಷಯದಲ್ಲಿ ಇಸ್ಲಾಮಿನ ನ್ಯಾಯ ಎಷ್ಟು ಹಳೆಯದು ಎಂಬುದಕ್ಕೆ ಇನ್ನೊಂದು ನಿದರ್ಶನವನ್ನು ಹೇಳದೆ ಮುಂದೆ ಹೋಗಲಾರೆ. ಮದೀನಾದಲ್ಲಿ ಪ್ರವಾದಿವರ್ಯರು(ಸ) ಕುದುರೆಗಳ ಓಟವನ್ನು ಏರ್ಪಡಿಸುತ್ತಿದ್ದರು. ಬುಖಾರಿ ಮತ್ತು ಮುಸ್ಲಿಮ್‌ನಲ್ಲಿ ಅದರ ವಿವರವಿದೆ. ಪಳಗಿಸಿದ ಕುದುರೆಗಳಿಗೆ ಹಫ್ಯಾ ಎಂಬಲ್ಲಿಂದ ಸನಿಯ್ಯತುಲ್ ವದಾಅ್‌ವರೆಗೆ, ಅಂದರೆ ಐದಾರು ಮೈಲು. ಪಳಗದ ಕುದುರೆಗಳಿಗೆ ಸನಿಯ್ಯಾದಿಂದ ಬನೂ ಝುರೈಕ್ ಮಸೀದಿಯವರೆಗೆ, ಅಂದರೆ ಸುಮಾರು ಒಂದು ಮೈಲು. ಪಳಗಿಸುವುದೆಂದರೆ ಮೊದಲು ಚೆನ್ನಾಗಿ ಮೇಯಿಸಿ, ಅನಂತರ ಮೇವನ್ನು ಕಡಿಮೆ ಮಾಡಿ, ಹೊದಿಕೆ ಹೊದಿಸಿ ಬೆವರು ಹರಿಸಿ ಮೈಯ ಬೊಜ್ಜು ಇಳಿಸುವುದು. ಅನನುಭವಿಗೆ ಓಟವನ್ನು ನಿಷೇಧಿಸಲಿಲ್ಲ, ಅನುಭವಿಯ ಪಕ್ಕದಲ್ಲಿ ನಿಲ್ಲಿಸಿ ಅವಮಾನಿಸಲೂ ಇಲ್ಲ. ಅದರ ಶಕ್ತಿಗೆ ತಕ್ಕ ದೂರವನ್ನು ಗುರುತುಮಾಡಿ ಕೊಟ್ಟರು. ಕರಾವಳಿಯ ಓದುಗರಿಗೆ ಕಂಬಳದ ಹಗ್ಗ ಹಿರಿಯ, ಹಗ್ಗ ಕಿರಿಯ ವಿಭಾಗಗಳು ನೆನಪಾಗಬಹುದು. ಹತ್ತು ಕಿಲೋಮೀಟರಿಗೆ ಇನ್ನೂ ಸಿದ್ಧನಲ್ಲದವನು ಐದು ಕಿಲೋಮೀಟರಿನ ಓಟಕ್ಕೆ ಹೆಸರು ಕೊಡುವುದರಲ್ಲಿ ನಾಚಿಕೊಳ್ಳಬೇಕಾದದ್ದೇನೂ ಇಲ್ಲ. ಆ ಕುದುರೆ ಓಟದಲ್ಲಿ ಸ್ಪರ್ಧಿಸಿದವರಲ್ಲಿ ಇಬ್ನು ಉಮರ್(ರ) ಕೂಡ ಇದ್ದರು. ಪ್ರವಾದಿಚರ್ಯೆಯ ಅನುಸರಣೆಯಲ್ಲಿ ಹೆಸರಾಂತವರಾದ ಅದೇ ಇಬ್ನು ಉಮರ್.

ವೇಗದ ವಿಷಯದಲ್ಲಿ ಹೊಸಬರಿಗೆ ಅನುಭವಿಗಳು ಕೊಡುವ ಎಚ್ಚರಿಕೆ ಒಂದೇ: ಮೊದಲ ಕಿಲೋಮೀಟರಿನಲ್ಲಿ ಮೈಮರೆಯಬೇಡಿ. ನಗಾರಿ ಬಾರಿಸುತ್ತಿರುತ್ತದೆ, ಜನ ಕೂಗುತ್ತಾರೆ, ಅಡ್ರಿನಲಿನ್ ಕಾಲಿಗಿಳಿದಿರುತ್ತದೆ. ಅಲ್ಲಿ ಹಾರಿದವನು ಆರನೆಯ ಕಿಲೋಮೀಟರಿನಲ್ಲಿ ಕುಂಟುತ್ತಾನೆ. ಸಲಮಾ ಇಬ್ನುಲ್ ಅಕ್ವಅ್(ರ) ಅವರ ಓಟದ ವೃತ್ತಾಂತವನ್ನು ಮದ್ರಸದಲ್ಲಿ ಓದಿದ್ದೆ. ಅದರ ಒಂದು ಅಂಶದ ರುಚಿ ಮಾತ್ರ ಓಡತೊಡಗಿದ ಮೇಲೆಯೇ ಹತ್ತಿತು. ದಂಡಯಾತ್ರೆಯೊಂದರಿಂದ ಮದೀನಾಕ್ಕೆ ಮರಳುವಾಗ, ಯಾರೂ ಸೋಲಿಸಿರದ ಅನ್ಸಾರಿಯೊಬ್ಬರು ಮದೀನಾದವರೆಗೆ ನನ್ನೊಂದಿಗೆ ಓಡುವವರಿದ್ದಾರೆಯೇ ಎಂದು ಸವಾಲೆಸೆದರು. ಸಲಮಾ(ರ) ಪ್ರವಾದಿವರ್ಯರ(ಸ) ಅನುಮತಿ ಕೇಳಿ ಒಂಟೆಯಿಂದ ಧುಮುಕಿದರು. ಒಂದೆರಡು ದಿಬ್ಬಗಳವರೆಗೆ ಉಸಿರನ್ನು ಉಳಿಸಿಕೊಳ್ಳಲು ಬೇಕೆಂದೇ ಹಿಂದುಳಿದರು. ಬಳಿಕ ವೇಗ ಹೆಚ್ಚಿಸಿ, ಅವರನ್ನು ಹಿಡಿದು, ಎರಡು ಭುಜಗಳ ನಡುವೆ ತಟ್ಟಿ ಸೋತಿರೆಂದು ಹೇಳಿ ಮುಂದೆ ಹೋದರು. ಹೊರಟ ಗಳಿಗೆಯಲ್ಲಿ ಹಿಂದುಳಿದವನಂತೆ ಕಾಣಲು ಒಪ್ಪುವುದು ಎಷ್ಟು ಕಷ್ಟವೆಂಬುದು, ಪಕ್ಕದಿಂದ ಹತ್ತು ಜನ ದಾಟಿಹೋಗುವಾಗ ಗೊತ್ತಾಗುತ್ತದೆ.

ಗೆದ್ದವರ ಸ್ಥಿತಿಯೂ ಶಾಶ್ವತವಲ್ಲ. ಪ್ರವಾದಿವರ್ಯರ(ಸ) ಒಂಟೆ ಅದ್ಬಾ ಎಂದೂ ಸೋತಿರಲಿಲ್ಲ. ಒಮ್ಮೆ ಹಳ್ಳಿಗಾಡಿನ ಅರಬನೊಬ್ಬ ತನ್ನ ಎಳೆಯ ಒಂಟೆಯ ಮೇಲೆ ಬಂದು ಅದನ್ನು ಹಿಂದಿಕ್ಕಿದ. ಸಹಾಬಿಗಳಿಗೆ ಬಹಳ ಬೇಸರವಾಯಿತು. ಲೋಕದಲ್ಲಿ ಮೇಲೇರಿದ್ದನ್ನು ಅಲ್ಲಾಹನು ಕೆಳಗಿಳಿಸದೆ ಬಿಡುವುದಿಲ್ಲ ಎಂಬ ಅರ್ಥದಲ್ಲಿ ಅವರು(ಸ) ಅವರನ್ನು ಸಂತೈಸಿದರು. ತನ್ನದೇ ಒಂಟೆ ಸೋತಾಗ ಸಂತೈಸುವವರಾದದ್ದು ಅವರೇ ಎಂಬುದನ್ನು ಗಮನಿಸಬೇಕು.

ಸೋಲು ಗೆಲುವನ್ನು ನಗುತ್ತಾ ತೆಗೆದುಕೊಂಡ ಇನ್ನೊಂದು ಓಟ ಎಲ್ಲರಿಗೂ ಗೊತ್ತು. ಪ್ರಯಾಣದಲ್ಲಿ ಅವರು(ಸ) ಹ. ಆಯಿಶಾ(ರ) ಅವರೊಂದಿಗೆ ಓಡಿದರು, ಆಯಿಶಾ(ರ) ಗೆದ್ದರು. ವರ್ಷಗಳ ನಂತರ ಅವರ ಮೈ ತುಂಬಿಕೊಂಡಿದ್ದಾಗ ಮತ್ತೆ ಓಡಿ, ಈ ಬಾರಿ ತಾವು ಗೆದ್ದು, ಅಂದಿನದಕ್ಕೆ ಇದು ಸರಿಯಾಯಿತೆಂದು ನಕ್ಕರು. ಓಡುವ ಮೊದಲು ಸಂಗಡಿಗರನ್ನು ಮುಂದೆ ಹೋಗಲು ಹೇಳಿದ್ದರು. ಇದನ್ನು ಭಾಷಣಗಳಲ್ಲಿ ದಾಂಪತ್ಯದ ಮಾಧುರ್ಯಕ್ಕೆ ಉದಾಹರಣೆಯಾಗಿ ಹೇಳುತ್ತೇವೆ, ಸರಿಯೇ. ಆದರೆ ಅಂದು ಓಡಿದವರಲ್ಲಿ ಒಬ್ಬರು ಮಹಿಳೆ ಎಂಬುದರತ್ತ ನಮ್ಮ ಗಮನ ಹೋಗುವುದಿಲ್ಲ. ಗಂಡ ಮುಂಜಾನೆ ಬೂಟು ಹಾಕಿ ಹೊರಡುವ, ಹೆಂಡತಿ ಮಾತ್ರ ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ನಡೆಯುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ! ನಾನು ಓಟಕ್ಕೆ ಹೆಸರು ಕೊಟ್ಟ ದಿನ ನನ್ನ ಮನೆಯವಳು ಕೇಳಿದ್ದು ಒಂದೇ ಮಾತು: "ನೀವು ಓಡುವ ಹೊತ್ತಿಗೆ ಮಕ್ಕಳನ್ನು ಶಾಲೆಗೆ ಹೊರಡಿಸುವುದು ಯಾರು?" ಈ ಪ್ರಶ್ನೆಯೂ ನಿಯ್ಯತ್ತಿನ ಪ್ರಶ್ನೆಯೇ. ಈಗ ವಾರದಲ್ಲಿ ಮೂರು ದಿನ ನಾನು ಓಡುತ್ತೇನೆ. ಇನ್ನು ಮೂರು ದಿನ ಅವಳು ತನ್ನ ಅಕ್ಕನೊಂದಿಗೆ ಒಂದು ಗಂಟೆ ನಡೆದು ಬರುತ್ತಾಳೆ, ಉಪ್ಪಿಟ್ಟು ಮಾಡಿ ಮಕ್ಕಳ ಡಬ್ಬಿ ತುಂಬುವ ಕೆಲಸ ನನ್ನದು. ಉಪ್ಪಿಟ್ಟಿನ ಬಗ್ಗೆ ಮಕ್ಕಳ ಅಭಿಪ್ರಾಯವನ್ನು ಇಲ್ಲಿ ಬರೆಯುವುದಿಲ್ಲ.

ಬಹುಮಾನ ಮತ್ತು ಪ್ರವೇಶ ಶುಲ್ಕದ ಬಗ್ಗೆ ಕೆಲವರು ಕೇಳಿದ್ದರು. ಕನ್ನಡದ 'ಪಂದ್ಯ', 'ಪಣ' ಎಂಬ ಶಬ್ದಗಳಲ್ಲಿ ಒಡ್ಡಿದ ಹಣದ ವಾಸನೆಯಿದೆ. ಅರಬಿಯಲ್ಲಿ 'ಸಬ್ಕ್' ಎಂದರೆ ಮುಂದೆ ಹೋಗುವುದು, ಒಂದು ಸ್ವರ ಬದಲಾಗಿ 'ಸಬಕ್' ಎಂದಾದರೆ ಗೆದ್ದವನಿಗೆ ಸಿಗುವ ಪಣ. ಎರಡು ಭಾಷೆಗಳಲ್ಲೂ ಓಟದ ಪಕ್ಕದಲ್ಲೇ ಜೂಜು ಕಾದು ಕುಳಿತಿದೆ. ಸ್ಪರ್ಧಿಗಳು ತಮ್ಮ ತಮ್ಮಲ್ಲಿ ಹಣ ಒಡ್ಡಿ ಗೆದ್ದವನು ಎಲ್ಲವನ್ನೂ ಬಾಚಿಕೊಂಡರೆ ಅದು ಜೂಜು. ಕಾಲೋಟದಲ್ಲಿ ಬಹುಮಾನ ಪಡೆಯುವ ವಿಷಯದಲ್ಲಿ ಹನಫೀ ಮತ್ತು ಶಾಫಿಈ ವಿದ್ವಾಂಸರ ನಡುವೆ ಭಿನ್ನಾಭಿಪ್ರಾಯವಿದೆ. ಬಹುಮಾನ ಗೆಲ್ಲುವಷ್ಟು ವೇಗವಿರುವ ಯುವಕರು ತಮ್ಮ ವಿದ್ವಾಂಸರಲ್ಲಿ ಕೇಳಿಕೊಳ್ಳಲಿ. ನನ್ನಂಥವರಿಗೆ ಆ ಸಮಸ್ಯೆ ಬಾರದು. ನಾವು ಕಟ್ಟುವ ಶುಲ್ಕಕ್ಕೆ ಪ್ರತಿಯಾಗಿ ನೀರು, ನಂಬರು, ಸಮಯ ಅಳೆಯುವ ಚಿಪ್, ದಾರಿಯ ವ್ಯವಸ್ಥೆ ಸಿಗುತ್ತದೆ. ಉಡುಪಿನ ಬಗ್ಗೆ ಒಂದೇ ಮಾತು. ಮೊಣಕಾಲು ಮುಚ್ಚುವ ಸಡಿಲ ಪ್ಯಾಂಟು ಓಟಕ್ಕೆ ಯಾವ ಅಡ್ಡಿಯನ್ನೂ ಮಾಡುವುದಿಲ್ಲ. ನನ್ನ ವೇಗದಲ್ಲಂತೂ ಗಾಳಿಯ ತಡೆಯನ್ನು ಲೆಕ್ಕಹಾಕಬೇಕಾಗಿಲ್ಲ.

'ಎಷ್ಟು ನಿಮಿಷದಲ್ಲಿ ಮುಗಿಸುತ್ತೀರಿ?' ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಇನ್‌ಶಾ ಅಲ್ಲಾಹ್ ಎಂಬತ್ತು ನಿಮಿಷ ಎನ್ನುತ್ತೇನೆ. ನಮ್ಮಲ್ಲಿ ಈ ಪವಿತ್ರ ವಚನದ ಗತಿ ಹೇಗಾಗಿದೆಯೆಂದರೆ, ಬರುವುದಿಲ್ಲ ಎಂದು ಹೇಳಲು ಸಂಕೋಚವಾದಾಗ 'ಇನ್‌ಶಾ ಅಲ್ಲಾಹ್ ಬರುತ್ತೇನೆ' ಎನ್ನುತ್ತೇವೆ. ಆದರೆ ಅಲ್-ಕಹ್ಫ್ ಅಧ್ಯಾಯದ 23 ಮತ್ತು 24ನೇ ಸೂಕ್ತಗಳು ಈ ಮಾತನ್ನು ಜೋಡಿಸುವುದು, ನಾಳೆ ಇದನ್ನು ಮಾಡಿಯೇ ಮಾಡುತ್ತೇನೆ ಎಂದು ಹೊರಟವನ ಸಂಕಲ್ಪಕ್ಕೆ. ಮಾಡುವ ಮನಸ್ಸಿಲ್ಲದವನಿಗೆ ಅದು ಹೊದಿಕೆಯಲ್ಲ. ಒಂಟೆಯನ್ನು ಕಟ್ಟಿ, ಅನಂತರ ಭರವಸೆ ಇಡಬೇಕೆಂಬ ಪ್ರವಾದಿವಚನದ ಅರ್ಥವೂ ಇದೇ. ಕಟ್ಟಬೇಕಾದ ಹಗ್ಗ ನನ್ನ ಕೈಯಲ್ಲಿದೆ: ವಾರದಲ್ಲಿ ಮೂರು ಬೆಳಿಗ್ಗೆ, ಹಿಂದಿನ ರಾತ್ರಿ ಹಗುರವಾದ ಊಟ, ಹೊಸ ಬೂಟನ್ನು ಅಂದೇ ಮೊದಲ ಬಾರಿಗೆ ತೊಡದಿರುವ ವಿವೇಕ. ಆ ಬೆಳಿಗ್ಗೆ ಮಳೆ ಬರುವುದೋ, ಜ್ವರ ಬರುವುದೋ, ಅಷ್ಟರವರೆಗೆ ಬದುಕಿರುವೆನೋ ಎಂಬುದು ನನ್ನ ಕೈಯಲ್ಲಿಲ್ಲ. ಎಂಬತ್ತು ನಿಮಿಷವೆಂಬ ಲೆಕ್ಕಕ್ಕೆ ನಾನು ಸಿದ್ಧನಾಗುತ್ತೇನೆ, ಅದು ನನಗೆ ಸಿಗಲೇಬೇಕೆಂದು ಹಟ ಹಿಡಿಯಲಾರೆ. ಈ ಎರಡರ ನಡುವಿನ ಜಾಗದಲ್ಲಿ ನಿಲ್ಲಲು ಕಲಿಯುವುದು ಹತ್ತು ಕಿಲೋಮೀಟರ್ ಓಡುವುದಕ್ಕಿಂತ ಕಷ್ಟವೆಂದು ನನಗೀಗ ಅನ್ನಿಸುತ್ತಿದೆ.

ಇನ್ನು ಬೆಳಗಿನ ನಮಾಝಿನ ವಿಷಯ. 2024 ಮತ್ತು 2025ರಲ್ಲಿ ಬೆಂಗಳೂರಿನ ಈ ಓಟ ಏಪ್ರಿಲಿನ ಕೊನೆಯ ಭಾನುವಾರ ನಡೆಯಿತು. ಆ ದಿನಗಳಲ್ಲಿ ಇಲ್ಲಿ ಸೂರ್ಯೋದಯ ಸುಮಾರು ಆರು ಗಂಟೆಗೆ. ಫಜ್ರ್‌ನ ಸಮಯ ಆರಂಭವಾಗುವುದು ಹೆಚ್ಚುಕಡಿಮೆ 4:45ಕ್ಕೆ. ಬಿಸಿಲೇರುವ ಮೊದಲು ಮುಗಿಸಬೇಕೆಂದು ಇಂತಹ ಓಟಗಳನ್ನು ನಸುಕಿನಲ್ಲೇ ಆರಂಭಿಸುತ್ತಾರೆ. ಹಾಗಾಗಿ ಮೈದಾನದ ಸಾಲಿನಲ್ಲಿ ನಿಲ್ಲುವ ಹೊತ್ತೂ ನಮಾಝಿನ ಹೊತ್ತೂ ಒಂದಕ್ಕೊಂದು ತಾಗುತ್ತವೆ. ದೇಹದ ಆರೋಗ್ಯಕ್ಕೆಂದು ಹೊರಟು ಫಜ್ರನ್ನು ಕಳೆದುಕೊಂಡರೆ ನಾನು ಮೇಲೆ ಬರೆದ ಎಲ್ಲವೂ ಬರಿಯ ಮಾತಾಗುತ್ತದೆ. ನಾವು ನಾಲ್ವರು ಗೆಳೆಯರು ಹೀಗೆ ನಿಶ್ಚಯಿಸಿದ್ದೇವೆ. ಮನೆಯಲ್ಲೇ ವುಝೂ ಮಾಡಿ ಹೊರಡುವುದು, ಸೊಂಟಕ್ಕೆ ಒಂದು ತೆಳು ಬಟ್ಟೆ ಸುತ್ತಿಕೊಳ್ಳುವುದು, ಸಮಯವಾದೊಡನೆ ಮೈದಾನದ ಒಂದು ಮೂಲೆಯಲ್ಲಿ ಜಮಾಅತ್ ಆಗಿ ನಮಾಝ್ ಮುಗಿಸುವುದು. ಅಷ್ಟರಲ್ಲಿ ನಮ್ಮ ಗುಂಪಿನ ಮುಂದಿನ ಸಾಲುಗಳು ಹೊರಟುಹೋದರೂ ಚಿಂತೆಯಿಲ್ಲ. ನಂಬರಿನ ಚೀಟಿಗೆ ಅಂಟಿಸಿರುವ ಚಿಪ್ಪಿನ ವ್ಯವಸ್ಥೆ ಹಾಗಿದೆ. ಮೊದಲನೆಯವನು ಹೊರಟಾಗಿನಿಂದ ಅದು ನಮ್ಮ ಸಮಯವನ್ನು ಎಣಿಸುವುದಿಲ್ಲ, ಹೊರಡುವ ಗೆರೆಯ ಚಾಪೆಯನ್ನು ನಾವು ದಾಟಿದ ಕ್ಷಣದಿಂದ ಎಣಿಸುತ್ತದೆ.